ಆದಾಯ ಸೊನ್ನೆ ಇದ್ದರೂ 800 ಡಾಲರ್: ಕ್ಯಾಲಿಫೋರ್ನಿಯಾದಲ್ಲಿ ಸಣ್ಣ ಕಂಪನಿ ಇಟ್ಟುಕೊಂಡವರಿಗೆ

ಕಳೆದ ರಾಜ್ಯೋತ್ಸವದ ಊಟದ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಹುಡುಗರು ನಿಂತಿದ್ದರು. ಒಬ್ಬ ಫ್ರೀಮಾಂಟ್‌ನವನು, ಇನ್ನೊಬ್ಬ ಸನಿವೇಲ್‌ನವನು. "ಡೆಲವೇರ್‌ನಲ್ಲಿ ಎಲ್‌ಎಲ್‌ಸಿ ತೆರೆದುಬಿಡು, ಕ್ಯಾಲಿಫೋರ್ನಿಯಾದ ಟ್ಯಾಕ್ಸ್ ಬರಲ್ಲ" ಅಂತ ಒಬ್ಬ ಹೇಳುತ್ತಿದ್ದ. ಇನ್ನೊಬ್ಬ ಫೋನ್ ತೆಗೆದು ಬರೆದುಕೊಳ್ಳುತ್ತಿದ್ದ. ಎಲ್‌ಎಲ್‌ಸಿ ಅಂದರೆ ಮಾಲೀಕರ ಹೊಣೆ ಸೀಮಿತವಾಗಿರುವ ಒಂದು ಬಗೆಯ ಕಂಪನಿ; ಡೆಲವೇರ್ ಅಮೆರಿಕದ ಇನ್ನೊಂದು ರಾಜ್ಯ. 2017ರಲ್ಲಿ ನನಗೂ ಒಬ್ಬರು ಇದೇ ಮಾತನ್ನು ಇಷ್ಟೇ ಧೈರ್ಯವಾಗಿ ಹೇಳಿದ್ದರು. ಅದನ್ನು ನಂಬಿದ್ದಕ್ಕೆ ನಾನು ಕಟ್ಟಿದ್ದು ಮೂರು ಸಾವಿರ ಡಾಲರ್‌ಗಿಂತ ಜಾಸ್ತಿ. ಬಿಸಿಬೇಳೆಬಾತ್ ಆರಿಹೋಗುವವರೆಗೂ ಆ ಹುಡುಗರ ಹತ್ತಿರ ಮಾತಾಡಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಂಪನಿ ತೆರೆಯುವುದು, ಇಐಎನ್ (ಕಂಪನಿಯ ತೆರಿಗೆ ಸಂಖ್ಯೆ) ತೆಗೆಯುವುದು, ಬ್ಯಾಂಕ್ ಖಾತೆ ಮಾಡುವುದು ಎಲ್ಲರಿಗೂ ಗೊತ್ತು. ಒಂದು ಮಧ್ಯಾಹ್ನದ ಕೆಲಸ. ತೊಂದರೆ ಶುರುವಾಗುವುದು ಆಮೇಲಿನ ವರ್ಷಗಳಲ್ಲಿ.

ನನ್ನ ಕತೆ ಹೀಗೆ. ಸಣ್ಣದೊಂದು ಆಪ್ ಮಾಡಿದ್ದೆ. ಆನ್‌ಲೈನ್‌ನಲ್ಲಿ ಕಂಪನಿ ತೆರೆದುಕೊಡುವ ಒಂದು ಸಂಸ್ಥೆಗೆ ದುಡ್ಡು ಕೊಟ್ಟು ಡೆಲವೇರ್ ಎಲ್‌ಎಲ್‌ಸಿ ಮಾಡಿಸಿದೆ. ಪ್ರತಿ ವರ್ಷ ಜೂನ್ 1ರೊಳಗೆ ಡೆಲವೇರ್‌ಗೆ 300 ಡಾಲರ್ ಕಟ್ಟಬೇಕು ಅಂದರು. ಕಟ್ಟಿದೆ. ಕಂಪನಿಯ ಪರವಾಗಿ ಕಾಗದಪತ್ರ ತೆಗೆದುಕೊಳ್ಳುವ ಅಲ್ಲಿನ ಏಜೆಂಟ್‌ನ ವಾರ್ಷಿಕ ಶುಲ್ಕವನ್ನೂ ಕಟ್ಟಿದೆ. ಆಪ್‌ನಿಂದ ಮೂರು ವರ್ಷದಲ್ಲಿ ಬಂದದ್ದು 140 ಡಾಲರ್. ಅದನ್ನು ನನ್ನ ಸ್ವಂತ ತೆರಿಗೆ ರಿಟರ್ನ್‌ನಲ್ಲಿ ವ್ಯಾಪಾರದ ಲೆಕ್ಕ ತೋರಿಸುವ ಶೆಡ್ಯೂಲ್ ಸಿಯಲ್ಲಿ ತೋರಿಸಿದೆ. ಎಲ್ಲ ಸರಿಯಾಗಿದೆ ಅಂದುಕೊಂಡಿದ್ದೆ. 2020ರಲ್ಲಿ ಕ್ಯಾಲಿಫೋರ್ನಿಯಾದ ತೆರಿಗೆ ಕಾಗದ ಬಂತು. 2017, 2018, 2019 ಮೂರೂ ವರ್ಷಕ್ಕೆ ತಲಾ 800 ಡಾಲರ್. ಅದರ ಮೇಲೆ ದಂಡ, ಬಡ್ಡಿ.

ಇಲ್ಲಿ ಅರ್ಥ ಮಾಡಿಕೊಳ್ಳಬೇಕಾದದ್ದು ಒಂದೇ. ಆ 800 ಡಾಲರ್ ಆದಾಯ ತೆರಿಗೆ ಅಲ್ಲ. ಕಂಪನಿ ಇದೆ ಅನ್ನುವುದಕ್ಕೆ ಕಟ್ಟುವ ದುಡ್ಡು. ಕರ್ನಾಟಕದಲ್ಲಿ ಸ್ವಂತ ವೃತ್ತಿ ಇರುವವರು ವರ್ಷಕ್ಕೆ 2,500 ರೂಪಾಯಿ ವೃತ್ತಿ ತೆರಿಗೆ ಕಟ್ಟುತ್ತಾರಲ್ಲ, ಸ್ವಲ್ಪ ಆ ಥರ. ಅಲ್ಲಿ ಸಂವಿಧಾನವೇ 2,500ಕ್ಕೆ ಮಿತಿ ಹಾಕಿದೆ. ಇಲ್ಲಿ ಒಂದು ಪೈಸೆ ವ್ಯಾಪಾರ ಆಗದಿದ್ದರೂ 800. ನಷ್ಟ ಆದರೂ 800. ಬ್ಯಾಂಕ್ ಖಾತೆ ಮುಚ್ಚಿದ್ದರೂ 800.

ಡೆಲವೇರ್ ಕಂಪನಿಗೆ ಕ್ಯಾಲಿಫೋರ್ನಿಯಾ ಯಾಕೆ ಕೇಳುತ್ತದೆ? ಕಂಪನಿಯ ನೋಂದಣಿ ಎಲ್ಲಿದೆ ಅನ್ನುವುದೊಂದನ್ನೇ ಈ ರಾಜ್ಯ ನೋಡುವುದಿಲ್ಲ. ಕೆಲಸ ಎಲ್ಲಿ ಕೂತು ಮಾಡುತ್ತೀರಿ ಅಂತಲೂ ನೋಡುತ್ತದೆ. ಸದಸ್ಯರೋ (ಅಂದರೆ ಎಲ್‌ಎಲ್‌ಸಿಯ ಮಾಲೀಕರು) ಮ್ಯಾನೇಜರೋ ಇಲ್ಲಿ ಕೂತು ಕಂಪನಿಯ ಕೆಲಸ ಮಾಡಿದರೆ ಆ ಕಂಪನಿ ಇಲ್ಲೇ ವ್ಯಾಪಾರ ಮಾಡುತ್ತಿದೆ ಅಂತ ಲೆಕ್ಕ. ನಾನು ಸನಿವೇಲ್‌ನ ಬಾಡಿಗೆ ಮನೆಯ ಊಟದ ಮೇಜಿನ ಮೇಲೆ ಕೋಡ್ ಬರೆದೆ. ಅಷ್ಟು ಸಾಕು. ಅಂದರೆ ನಾನು ಎರಡು ರಾಜ್ಯಗಳಿಗೆ ಬಾಕಿದಾರನಾಗಿದ್ದೆ, ಡೆಲವೇರ್‌ಗೆ 300, ಇಲ್ಲಿಗೆ 800. ಇದರ ಜೊತೆಗೆ ಹೊರರಾಜ್ಯದ ಕಂಪನಿ ಅಂತ ಕ್ಯಾಲಿಫೋರ್ನಿಯಾದಲ್ಲಿ ನೋಂದಾಯಿಸಬೇಕಿತ್ತು. ಅದಕ್ಕೆ 70 ಡಾಲರ್. ಉಳಿಸಲು ಹೋಗಿ ಡಬಲ್ ಮಾಡಿಕೊಂಡೆ. ಇಲ್ಲಿ ಮನೆ, ಇಲ್ಲಿ ಕೆಲಸ, ಹೂಡಿಕೆದಾರರು ಯಾರೂ ಇಲ್ಲ ಅಂದರೆ ಡೆಲವೇರ್ ನಿಮಗೆ ಬೇಡ. ನೇರವಾಗಿ ಇಲ್ಲೇ ತೆರೆಯಿರಿ.

ಇನ್ನೊಂದು ಎಡವಟ್ಟು ತಾರೀಖಿನದು. ಎಲ್‌ಎಲ್‌ಸಿಯ 800 ಡಾಲರ್ ಆಯಾ ವರ್ಷದ ಆರಂಭದಲ್ಲೇ ಕಟ್ಟುವಂಥದ್ದು. 2025ನೇ ಸಾಲಿನ ಹಣಕ್ಕೆ 2025ರ ಏಪ್ರಿಲ್ 15 ಗಡುವು. ಆದರೆ 2025ನೇ ಸಾಲಿನ ರಿಟರ್ನ್, ಅಂದರೆ ಫಾರ್ಮ್ 568, ಹಾಕುವುದು 2026ರಲ್ಲಿ. ಒಬ್ಬರೇ ಮಾಲೀಕರಾದರೆ ಏಪ್ರಿಲ್ 15ಕ್ಕೆ, ಪಾರ್ಟ್‌ನರ್‌ಶಿಪ್ ಆದರೆ ಮಾರ್ಚ್ 15ಕ್ಕೆ. ಹಾಗಾಗಿ ಒಂದೇ ಏಪ್ರಿಲ್‌ನಲ್ಲಿ ಹಿಂದಿನ ವರ್ಷದ ರಿಟರ್ನ್, ಈ ವರ್ಷದ ಹಣ ಎರಡೂ ಬರುತ್ತವೆ. ಆನ್‌ಲೈನ್‌ನಲ್ಲಿ ಕಟ್ಟುವಾಗ ವರ್ಷ ತಪ್ಪಾಗಿ ಆರಿಸಿದರೆ ದುಡ್ಡು ಬೇರೆ ವರ್ಷಕ್ಕೆ ಜಮಾ ಆಗುತ್ತದೆ. ನನ್ನ ಗೆಳೆಯನಿಗೆ ಹೀಗೇ ಆಯಿತು. ಕಟ್ಟಿದ ರಸೀದಿ ಕೈಯಲ್ಲಿತ್ತು, ಬಾಕಿ ಇದೆ ಅನ್ನುವ ನೋಟಿಸೂ ಕೈಯಲ್ಲಿತ್ತು. ಅದನ್ನು ಸರಿ ಮಾಡಿಸಲು ತಿಂಗಳುಗಟ್ಟಲೆ ಓಡಾಡಿದ. ಸಬ್‌ಮಿಟ್ ಒತ್ತುವ ಮುಂಚೆ ವರ್ಷವನ್ನು ಇನ್ನೊಮ್ಮೆ ನೋಡಿ.

2021ರಿಂದ 2023ರ ಕೊನೆಯವರೆಗೆ ತೆರೆದ ಎಲ್‌ಎಲ್‌ಸಿಗಳಿಗೆ ಮೊದಲ ವರ್ಷದ 800 ಮಾಫಿ ಇತ್ತು. ಹಳೆಯ ಲೇಖನ ಓದಿ ಈಗಲೂ ಇದೆ ಅಂತ ನಂಬಿದವರನ್ನು ನೋಡಿದ್ದೇನೆ. ಈಗ ಇಲ್ಲ. ಮೊದಲ ವರ್ಷದ ರಿಯಾಯಿತಿ ಉಳಿದಿರುವುದು ಕಾರ್ಪೊರೇಷನ್‌ಗಳಿಗೆ, ಅಂದರೆ ಷೇರು ಹಂಚುವ ಬಗೆಯ ಕಂಪನಿಗಳಿಗೆ ಮಾತ್ರ. ನವೆಂಬರ್, ಡಿಸೆಂಬರ್‌ನಲ್ಲಿ ಎಲ್‌ಎಲ್‌ಸಿ ತೆರೆಯುವ ಯೋಚನೆ ಇದ್ದರೆ ಜನವರಿವರೆಗೆ ಕಾಯಿರಿ. ಎರಡು ತಿಂಗಳ ಆತುರಕ್ಕೆ ಸುಮ್ನೆ 800 ಯಾಕೆ?

ವ್ಯಾಪಾರ ಚೆನ್ನಾಗಿ ನಡೆಯುವವರಿಗೆ ಇನ್ನೊಂದು ಮಾತು. ಕ್ಯಾಲಿಫೋರ್ನಿಯಾದ ಒಟ್ಟು ವಹಿವಾಟು 2,50,000 ಡಾಲರ್ ಮುಟ್ಟಿದರೆ ಎಲ್‌ಎಲ್‌ಸಿಗೆ ಇನ್ನೂ 900 ಡಾಲರ್ ಶುಲ್ಕ ಇದೆ. ಐದು ಲಕ್ಷ ಮುಟ್ಟಿದರೆ ಅದು 2,500 ಆಗುತ್ತದೆ. ಲಾಭದ ಮೇಲೆ ಅಲ್ಲ, ಬಂದ ಹಣದ ಮೇಲೆ. ಅಂದಾಜು ಮಾಡಿ ಜೂನ್ 15ರೊಳಗೇ ಕಟ್ಟಬೇಕು. ಕಡಿಮೆ ಲಾಭದಲ್ಲಿ ದಿನಸಿ ಸಾಮಾನು ತರಿಸಿ ಮಾರುವವರಿಗೆ ಇದು ತುಂಬಾ ಭಾರ. ಇದು ನ್ಯಾಯ ಅಂತ ನನಗೆ ಅನಿಸುವುದಿಲ್ಲ.

ಹಣವಲ್ಲದೆ ಒಂದು ಕಾಗದವೂ ಇದೆ, ಸ್ಟೇಟ್‌ಮೆಂಟ್ ಆಫ್ ಇನ್ಫರ್ಮೇಷನ್. ಇದು ತೆರಿಗೆ ಇಲಾಖೆಗೆ ಅಲ್ಲ, ಕಂಪನಿಗಳ ನೋಂದಣಿ ನೋಡಿಕೊಳ್ಳುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ. ಕಂಪನಿ ತೆರೆದ 90 ದಿನದೊಳಗೆ ಮೊದಲನೆಯದು. ಆಮೇಲೆ ಎಲ್‌ಎಲ್‌ಸಿಗೆ ಎರಡು ವರ್ಷಕ್ಕೊಮ್ಮೆ, 20 ಡಾಲರ್. ಕಾರ್ಪೊರೇಷನ್‌ಗೆ ಪ್ರತಿ ವರ್ಷ, 25 ಡಾಲರ್. ಮರೆತರೆ ದಂಡ 250. ಹತ್ತು ನಿಮಿಷದಲ್ಲಿ ನೀವೇ ಆನ್‌ಲೈನ್‌ನಲ್ಲಿ ಹಾಕಬಹುದು. ಆದರೆ ಕಂಪನಿ ತೆರೆದ ಕೆಲವೇ ವಾರಕ್ಕೆ ಮನೆಗೆ ಸರ್ಕಾರದ ನೋಟಿಸ್ ಥರವೇ ಕಾಣುವ ಕಾಗದಗಳು ಬರುತ್ತವೆ. ಇದೇ 20 ಡಾಲರ್ ಕೆಲಸಕ್ಕೆ ನೂರಾರು ಡಾಲರ್ ಕೇಳುತ್ತವೆ. ನನ್ನ ಹೆಂಡತಿ ಹೆದರಿ ಒಂದು ಚೆಕ್ ಬರೆದೇಬಿಟ್ಟಿದ್ದಳು, ಅಂಚೆಗೆ ಹಾಕುವ ಮೊದಲು ನೋಡಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಇದು ಸರ್ಕಾರಿ ಸಂಸ್ಥೆ ಅಲ್ಲ ಅಂತ ಇತ್ತು. ಮಾಲೀಕರ ವಿವರದ ಬಿಒಐ ವರದಿ ಹಾಕಿಕೊಡುತ್ತೇವೆ ಅನ್ನುವ ಕಾಗದವೂ ಬರುತ್ತದೆ. 2025ರ ಮಾರ್ಚ್‌ನಿಂದ ಅಮೆರಿಕದಲ್ಲೇ ನೋಂದಾಯಿಸಿದ ಕಂಪನಿಗಳಿಗೆ ಆ ವರದಿಯಿಂದ ವಿನಾಯಿತಿ ಇದೆ. ದುಡ್ಡು ಕಳಿಸಬೇಡಿ.

ಸ್ಟಾರ್ಟಪ್ ಅಂತ ಡೆಲವೇರ್ ಕಾರ್ಪೊರೇಷನ್ ಮಾಡಿಕೊಂಡವರಿಗೆ ಬೇರೆ ಥರದ ಗಾಬರಿ ಕಾದಿರುತ್ತದೆ. ವಕೀಲರು ಒಂದು ಕೋಟಿ ಷೇರು ಅಂತ ಬರೆಸಿರುತ್ತಾರೆ. ಮಾರ್ಚ್ 1ರ ಗಡುವಿಗೆ ಮುಂಚೆ ಬರುವ ಬಿಲ್‌ನಲ್ಲಿ ಫ್ರಾಂಚೈಸ್ ಟ್ಯಾಕ್ಸ್ (ಕಂಪನಿ ಇದೆ ಅನ್ನುವುದಕ್ಕೆ ಕಟ್ಟುವ ತೆರಿಗೆ) 85,165 ಡಾಲರ್ ಅಂತ ಇರುತ್ತದೆ! ಪರಿಚಯದ ಹುಡುಗಿಯೊಬ್ಬಳು ರಾತ್ರಿ ಹನ್ನೊಂದಕ್ಕೆ ಅಳುತ್ತಾ ಫೋನ್ ಮಾಡಿದ್ದಳು. ಅದು ಷೇರಿನ ಸಂಖ್ಯೆ ಎಣಿಸಿ ಹಾಕಿದ ಲೆಕ್ಕ. ಅಸ್ಯೂಮ್ಡ್ ಪಾರ್ ವ್ಯಾಲ್ಯೂ ಅನ್ನುವ ಎರಡನೇ ವಿಧಾನದಲ್ಲಿ, ಕಂಪನಿಯ ಒಟ್ಟು ಆಸ್ತಿ ಮತ್ತು ಹಂಚಿದ ಷೇರುಗಳ ಸಂಖ್ಯೆ ತುಂಬಿದರೆ, ಆಸ್ತಿ ಏನೂ ಇಲ್ಲದ ಹೊಸ ಕಂಪನಿಗೆ ಸಾಮಾನ್ಯವಾಗಿ 400 ಡಾಲರ್‌ಗೆ ಇಳಿಯುತ್ತದೆ. ಜೊತೆಗೆ ವರದಿಗೆ 50. ಎರಡೂ ವಿಧಾನ ಕಾನೂನಿನಲ್ಲೇ ಇವೆ, ಕಡಿಮೆ ಬರುವುದನ್ನು ಕಟ್ಟಬಹುದು.

ಊರಲ್ಲಿರುವ ತಮ್ಮ, ಭಾವಮೈದುನ ಯಾರಾದರೂ ಅಲ್ಲಿಂದಲೇ ಡೆಲವೇರ್ ಎಲ್‌ಎಲ್‌ಸಿ ತೆರೆದಿದ್ದರೆ ಇವತ್ತೇ ಫೋನ್ ಮಾಡಿ. ವಿದೇಶಿಯೊಬ್ಬರೇ ಮಾಲೀಕರಾದ ಎಲ್‌ಎಲ್‌ಸಿಗೆ ಅಮೆರಿಕದ ಕೇಂದ್ರ ತೆರಿಗೆ ಇಲಾಖೆಯ ಫಾರ್ಮ್ 5472 ಇದೆ. ಆದಾಯ ಇಲ್ಲದಿದ್ದರೂ, ಮಾಲೀಕರು ಕಂಪನಿಗೆ ದುಡ್ಡು ಹಾಕಿದ್ದರೂ ಸಾಕು, ಅದನ್ನು ತುಂಬಬೇಕು. ತಪ್ಪಿದರೆ ದಂಡ 25,000 ಡಾಲರ್.

ಈಗ ಮುಚ್ಚುವ ವಿಷಯ. ಜನ ಕೆಲಸ ನಿಲ್ಲಿಸುತ್ತಾರೆ, ಕಂಪನಿ ತಾನೇ ಸತ್ತುಹೋಗುತ್ತದೆ ಅಂದುಕೊಳ್ಳುತ್ತಾರೆ. ಸಾಯುವುದಿಲ್ಲ. ಟೆಕ್ಸಾಸ್‌ನ ಆಸ್ಟಿನ್‌ಗೆ ಮನೆ ಬದಲಿಸಿದವರ ಕಂಪನಿಯ ನೋಂದಣಿ ಇಲ್ಲೇ ಉಳಿದಿದ್ದರೆ 800 ಏರುತ್ತಲೇ ಹೋಗುತ್ತದೆ. ಕಟ್ಟದೆ ಬಿಟ್ಟರೆ ಕಂಪನಿ ಸಸ್ಪೆಂಡ್ ಆಗುತ್ತದೆ. ಆಗ ಕೋರ್ಟಿನಲ್ಲಿ ದಾವೆ ಹೂಡುವ ಹಾಗಿಲ್ಲ, ಯಾರಾದರೂ ಹೂಡಿದರೆ ಎದುರಿಸುವ ಹಾಗೂ ಇಲ್ಲ. ಮುಚ್ಚುವುದು ಕಷ್ಟವಿಲ್ಲ. ವ್ಯವಹಾರ ನಿಲ್ಲಿಸಿ, ಕೊನೆಯ ರಿಟರ್ನ್‌ನಲ್ಲಿ ಫೈನಲ್ ಅಂತ ಗುರುತು ಹಾಕಿ. ಅದಾಗಿ 12 ತಿಂಗಳೊಳಗೆ ಸೆಕ್ರೆಟರಿ ಆಫ್ ಸ್ಟೇಟ್‌ಗೆ ರದ್ದತಿ ಫಾರ್ಮ್ ಎಲ್‌ಎಲ್‌ಸಿ-4/7 ಕೊಡಿ. ಅದಕ್ಕೆ ಶುಲ್ಕವೂ ಇಲ್ಲ. ಡೆಲವೇರ್‌ನದೂ ಇದ್ದರೆ ಅಲ್ಲಿ ಬೇರೆಯಾಗಿ ರದ್ದು ಮಾಡಬೇಕು, ಆ ವರ್ಷದ 300 ಕಟ್ಟಿದ ಮೇಲೆ.

ಟೆಕ್ಸಾಸ್ ಈ ವಿಷಯದಲ್ಲಿ ಮೇಲು. 2025ರ ವರದಿಗೆ 24.7 ಲಕ್ಷ ಡಾಲರ್ ವಹಿವಾಟಿನವರೆಗೆ ಫ್ರಾಂಚೈಸ್ ಟ್ಯಾಕ್ಸ್ ಇರಲಿಲ್ಲ. ಆದರೆ ಟ್ಯಾಕ್ಸ್ ಇಲ್ಲ ಅಂತ ಮೇ 15ರ ಮಾಹಿತಿ ವರದಿ ಬಿಟ್ಟರೆ ಅಲ್ಲೂ ವ್ಯಾಪಾರ ಮಾಡುವ ಹಕ್ಕು ಹೋಗುತ್ತದೆ. ನಮ್ಮೂರಿನದು ಇನ್ನೊಂದು ಥರ. ವ್ಯಾಪಾರ ಸೊನ್ನೆ ಇದ್ದರೂ ಪ್ರೈವೇಟ್ ಲಿಮಿಟೆಡ್‌ಗೆ ಆಡಿಟ್ ಕಡ್ಡಾಯ, ವಾರ್ಷಿಕ ಫಾರ್ಮ್ ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ. ಭಾರ ನಿಜ. ಆದರೂ ನನಗೆ ಅದೇ ವಾಸಿ ಅನಿಸುತ್ತದೆ. ಆಡಿಟ್ ಇರುವುದರಿಂದಲೇ ಅಲ್ಲೊಬ್ಬರು ಸಿಎ ಇರುತ್ತಾರೆ. ಸೆಪ್ಟೆಂಬರ್ ಬಂದರೆ ಅವರೇ ಫೋನ್ ಮಾಡಿ "ಸಾರ್, ಪೇಪರ್ಸ್ ಕಳಿಸಿ" ಅನ್ನುತ್ತಾರೆ. ಇಲ್ಲಿ ಮೂರು ವರ್ಷ ನನಗೆ ಯಾರೂ ಫೋನ್ ಮಾಡಲಿಲ್ಲ.

2020ರ ಡಿಸೆಂಬರ್‌ನಲ್ಲಿ ಎರಡೂ ಕಡೆ ಕಟ್ಟಿ ಆ ಕಂಪನಿ ಮುಚ್ಚಿದೆ. ನನ್ನ ಹೆಂಡತಿ ಎಚ್4 ಇಎಡಿ (ಸಂಗಾತಿಯ ವೀಸಾದವರಿಗೆ ಸಿಗುವ ಕೆಲಸದ ಅನುಮತಿ) ಮೇಲೆ ಈಗ ಹೊಲಿಗೆಯ ಸಣ್ಣ ವ್ಯಾಪಾರ ನಡೆಸುತ್ತಾಳೆ. ಅವಳ ಎಲ್‌ಎಲ್‌ಸಿಯನ್ನು 2025ರ ಜನವರಿ 2ರಂದು ಕ್ಯಾಲಿಫೋರ್ನಿಯಾದಲ್ಲೇ ತೆರೆದೆವು. ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಏಪ್ರಿಲ್ 15ರ ಸುತ್ತ ಕೆಂಪು ಗೆರೆ ಇದೆ. ಪಕ್ಕದಲ್ಲಿ "800, ಈ ವರ್ಷದ್ದು" ಅಂತ ಅವಳೇ ಬರೆದಿದ್ದಾಳೆ.