ಜಪಾನಿನಲ್ಲಿ ಅಮ್ಮನಿಗೆ ಗಂಜಿ ಸಿಕ್ಕಿದ ಕಥೆ

ಟೋಕಿಯೊದ ಮೊದಲ ಬೆಳಗ್ಗೆ ಉಪ್ಪಿಟ್ಟು ಆಗಲೇ ಇಲ್ಲ. ಬೆಂಗಳೂರಿನಿಂದ ಹೊತ್ತುಕೊಂಡು ಹೋಗಿದ್ದ ಪುಟ್ಟ ಕರೆಂಟ್ ಕುಕ್ಕರಿಗೆ ನೀರು ಹಾಕಿ ಇಪ್ಪತ್ತು ನಿಮಿಷ ಕಾದೆ. ಬೆರಳು ಅದ್ದಿದರೆ ಉಗುರು ಬೆಚ್ಚಗೆ, ಅಷ್ಟೇ. ಜಪಾನಿನಲ್ಲಿ ಕರೆಂಟು 100 ವೋಲ್ಟ್, ನಮ್ಮದು 230. ಪಿನ್ ಹೊಂದಿಸಲು ಅಡಾಪ್ಟರ್ ತಂದಿದ್ದೆ, ಆದರೆ ಅದು ವೋಲ್ಟೇಜ್ ಏರಿಸುವುದಿಲ್ಲವಲ್ಲ. ನಮ್ಮ ಕುಕ್ಕರಿಗೆ ಅಲ್ಲಿ ಸಿಗುವುದು ಐದರಲ್ಲಿ ಒಂದು ಪಾಲು ಕಾವು. ಅದೂ ಅಲ್ಲದೆ ರೂಮಿನಲ್ಲಿ ಅಡುಗೆ ಮಾಡಬಾರದು ಅಂತ ಗೋಡೆಯ ಮೇಲೆ ಬರೆದಿದ್ದನ್ನು ಆಮೇಲೆ ನೋಡಿದೆ. ಕುಕ್ಕರ್ ಮತ್ತೆ ಸೂಟ್‌ಕೇಸಿನ ತಳ ಸೇರಿತು.

ನಾವು ಮೂವರು: ನಾನು, ಮಗ, ಎಪ್ಪತ್ತೆರಡರ ಅಮ್ಮ. ಹನ್ನೆರಡು ದಿನ. ಮಗ ಏನು ಕೊಟ್ಟರೂ ತಿನ್ನುತ್ತಾನೆ. ಅಮ್ಮ ತೀರ್ಥಹಳ್ಳಿ ಕಡೆಯವರು, ಮೀನು ಮಾಂಸ ಮೊಟ್ಟೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಬೇಡ. ಬೆಳಗ್ಗೆ ಎಂಟರೊಳಗೆ ಹೊಟ್ಟೆಗೆ ಏನಾದರೂ ಬೀಳಬೇಕು, ಮಾತ್ರೆ ನುಂಗಬೇಕು.

ಎರಡನೇ ದಿನ ಕೊಂಬಿನಿಗೆ ಹೋದೆ. ಇಪ್ಪತ್ನಾಲ್ಕು ಗಂಟೆಯೂ ತೆರೆದಿರುವ ಸಣ್ಣ ಅಂಗಡಿಗೆ ಅಲ್ಲಿ ಹಾಗೆನ್ನುತ್ತಾರೆ. ಸೆವೆನ್ ಇಲೆವೆನ್, ಲಾಸನ್, ಫ್ಯಾಮಿಲಿಮಾರ್ಟ್ ಎಲ್ಲಾ ಅದೇ ಜಾತಿ. ಒನಿಗಿರಿ ಅಂತ ಮುಕ್ಕೋನದ ಅನ್ನದ ಉಂಡೆ ಸಾಲಾಗಿ ಇಟ್ಟಿರುತ್ತಾರೆ. ಕೊಂಬು ಅಂದರೆ ಕಡಲ ಸೊಪ್ಪು ಅಂತ ಗೊತ್ತಿತ್ತು, ಸೊಪ್ಪು ತಾನೇ ಅಂತ ತಂದೆ. ಅಮ್ಮ ಖುಷಿಯಿಂದ ತಿಂದರು. ರಾತ್ರಿ ಕಸದ ಬುಟ್ಟಿಯಲ್ಲಿದ್ದ ಕವರಿನ ಮೇಲೆ ಫೋನಿನ ಕ್ಯಾಮೆರಾ ಹಿಡಿದು ಅನುವಾದ ಮಾಡಿದರೆ, ಕತ್ಸುವೊ ಮೀನಿನ ಸಾರ! ಅಮ್ಮನಿಗೆ ಇವತ್ತಿನವರೆಗೂ ಹೇಳಿಲ್ಲ. ಈ ಮೀನನ್ನು ಒಣಗಿಸಿ, ಹೊಗೆ ಹಾಕಿ, ಹೆರೆದು, ಅದರಿಂದ ತೆಗೆಯುವ ದಾಶಿ ಎಂಬ ತಿಳಿ ಅಲ್ಲಿನ ಅಡುಗೆಗೆ ನಮ್ಮ ಒಗ್ಗರಣೆ ಇದ್ದ ಹಾಗೆ. ಮಿಸೊ ಅನ್ನುವ ಹುದುಗಿಸಿದ ಸೋಯಾ ಮುದ್ದೆಯ ಸಾರಿನಲ್ಲಿ ಇರುತ್ತದೆ, ಬೇಯಿಸಿದ ತರಕಾರಿಯಲ್ಲೂ ಇರುತ್ತದೆ. 'ವೆಜಿಟೇರಿಯನ್' ಅಂದರೆ ಮೀನಿನ ತುಂಡು ತೆಗೆದಿಟ್ಟು ಸಾರು ಹಾಗೇ ಕೊಡುತ್ತಾರೆ. ಅವರ ತಪ್ಪಲ್ಲ, ದಾಶಿಯನ್ನು ಅವರು ಮೀನು ಅಂತ ಎಣಿಸುವುದೇ ಇಲ್ಲ.

ದೋಸೆ ಸಿಗುವುದಿಲ್ಲವೇ ಅಂತ ಕೇಳಬಹುದು. ಸಿಗುತ್ತದೆ. ಟೋಕಿಯೊದ ಪೂರ್ವಕ್ಕೆ ತೋಜಾಯ್ ಮೆಟ್ರೊ ಲೈನಿನಲ್ಲಿ ನಿಶಿ-ಕಸಾಯ್ ಅಂತ ಸ್ಟೇಷನ್ ಇದೆ. 2000ದ ಆಸುಪಾಸಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಬಂದ ನಮ್ಮವರು ಅಲ್ಲೇ ನೆಲೆಸಿದರು. ತೊಗರಿಬೇಳೆ, ಹುಣಸೆಹಣ್ಣು, ಇಡ್ಲಿ ರವೆ ಎಲ್ಲಾ ಅಲ್ಲಿನ ಅಂಗಡಿಗಳಲ್ಲಿದೆ. ಆದರೆ ಹೋಟೆಲು ತೆರೆಯುವುದೇ ಹನ್ನೊಂದಕ್ಕೆ. ನಾವು ಹೋದ ಭಾನುವಾರ ಬಾಗಿಲ ಮುಂದೆ ಮುಕ್ಕಾಲು ಗಂಟೆ ನಿಂತೆವು. ಮಸಾಲೆ ದೋಸೆ ಗರಿಗರಿಯಾಗೇ ಇತ್ತು, ಅಮ್ಮ ಪಲ್ಯದ ಈರುಳ್ಳಿ ಬದಿಗೆ ಸರಿಸಿ ತಿಂದರು. ಆದರೆ ಅಷ್ಟು ಹೊತ್ತಿಗೆ ತಿನ್ನುವುದು ತಿಂಡಿ ಅಲ್ಲ, ಊಟ.

ಆಮೇಲೆ ಸುಮಾರು ದಿನ ಬೆಳಗ್ಗೆ ನಡೆದದ್ದು ಮೊಸರನ್ನ. ಎರಡು ನಿಮಿಷ ಮೈಕ್ರೊವೇವ್‌ನಲ್ಲಿ ಇಟ್ಟರೆ ಆಗುವ 200 ಗ್ರಾಂ ಅನ್ನದ ಡಬ್ಬಿ ಸೂಪರ್‌ಮಾರ್ಕೆಟ್ಟಿನಲ್ಲೂ ಕೊಂಬಿನಿಯಲ್ಲೂ ಇರುತ್ತದೆ. ತಂಗುವ ಸಾಧಾರಣ ಹೋಟೆಲುಗಳಲ್ಲೂ ಎಷ್ಟೋ ಕಡೆ ಮೈಕ್ರೊವೇವ್ ಇರುತ್ತದೆ, ಐಸ್ ಮಷೀನಿನ ಪಕ್ಕ ಹುಡುಕಿ. ಮೊಸರು 400 ಗ್ರಾಂ ಡಬ್ಬಿಯದು. ಸಕ್ಕರೆ ಇಲ್ಲದ್ದಕ್ಕೆ 'ಮುತೊ' ಅಂತ ಕೇಳಬೇಕು, ಕೆಲವಕ್ಕೆ ಪ್ರಾಣಿಗಳ ಚರ್ಮ ಮೂಳೆಯಿಂದ ತೆಗೆದ ಜೆಲಟಿನ್ ಹಾಕಿರುತ್ತಾರೆ, ಕ್ಯಾಮೆರಾ ಹಿಡಿಯಿರಿ. ಅಲ್ಲಿನ ಅಕ್ಕಿ ಮೋಟು, ಅನ್ನ ಅಂಟು. ಚಿತ್ರಾನ್ನಕ್ಕೆ ಕೈ ಹಾಕಿದರೆ ಮುದ್ದೆಯೇ ಗತಿ. ಮೊಸರನ್ನಕ್ಕೆ ಮಾತ್ರ ಹೇಳಿ ಮಾಡಿಸಿದ ಹಾಗಿದೆ, ಕಿವುಚುವ ಕೆಲಸವೂ ಇಲ್ಲ. ಊರಿನಿಂದ ಚಟ್ನಿಪುಡಿ, ಕರಿದ ಮಜ್ಜಿಗೆ ಮೆಣಸು ಒಯ್ದಿದ್ದೆ. ಹಸಿ ಕರಿಬೇವು, ಹಣ್ಣು ಒಯ್ಯಬೇಡಿ; ಸಸ್ಯ ತಪಾಸಣೆಯ ಸರ್ಟಿಫಿಕೇಟ್ ಇಲ್ಲದೆ ಏರ್‌ಪೋರ್ಟಿನಲ್ಲಿ ಬಿಡುವುದಿಲ್ಲ.

ಕಾಫಿಗೆ ಹಾಲು ಹುಡುಕುವಾಗ ಒಂದು ಗುಟ್ಟು ಗೊತ್ತಾಯಿತು. ಫ್ರಿಜ್ಜಿನಲ್ಲಿ ಹಾಲಿನ ಹಾಗೆ ಕಾಣುವ ಡಬ್ಬಿಗಳು ಹತ್ತಾರು. ಅಪ್ಪಟ ಹಸುವಿನ ಹಾಲಿನ ದೊಡ್ಡ ಕಾಗದದ ಡಬ್ಬಿಯ ನೆತ್ತಿಯ ಅಂಚಿನಲ್ಲಿ ಅರ್ಧಚಂದ್ರದಂಥ ಸಣ್ಣ ಕಚ್ಚು ಇರುತ್ತದೆ. ಕಣ್ಣು ಕಾಣದವರು ಸವರಿ ತಿಳಿಯಲಿ ಅಂತ ಮಾಡಿದ್ದು. ಜಪಾನಿ ಅಕ್ಷರ ಬಾರದ ನಾನೂ ಅಲ್ಲಿ ಕಣ್ಣು ಕಾಣದವಳೇ, ಸವರಿ ನೋಡಿಯೇ ಕೊಂಡೆ. ಡಿಕಾಕ್ಷನ್ನಿಗೆ, ಲೋಟದ ಬಾಯಿಗೆ ಕಿವಿ ಸಿಕ್ಕಿಸಿ ಕೂರಿಸುವ ಡ್ರಿಪ್ ಬ್ಯಾಗ್. ಒಂದು ಲೋಟಕ್ಕೆ ಎರಡು ಬ್ಯಾಗು, ಹೇಳಿದ್ದರ ಅರ್ಧದಷ್ಟೇ ನೀರು, ಚಮಚ ಚಮಚವಾಗಿ. ಚಿಕೋರಿ ಇಲ್ಲ ಅನ್ನುವುದೊಂದು ಬಿಟ್ಟರೆ ನಮ್ಮನೆ ಕಾಫಿಯೇ.

ಕೊಯಾಸಾನ್ ಬೆಟ್ಟದ ಮೇಲಿನ ಬೌದ್ಧ ಮಠದಲ್ಲಿ ಒಂದು ರಾತ್ರಿ ತಂಗಿದ್ದೆವು. ಅಲ್ಲಿಯದು ಶೋಜಿನ್ ಅಡುಗೆ: ಮೀನು ಮಾಂಸ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ದಾಶಿಯನ್ನು ಕಡಲ ಸೊಪ್ಪು, ಒಣ ಅಣಬೆಯಿಂದ ತೆಗೆಯುತ್ತಾರೆ. ಬೆಳಗ್ಗೆ ಪೂಜೆ ಮುಗಿಸಿ ಕೂತರೆ ಕೆಂಪು ಮಣೆಯ ಮೇಲೆ ಬಿಸಿ ಅನ್ನ, ಮಿಸೊ ಸಾರು, ಒಂದು ಉಮೆಬೊಶಿ. ಉಮೆಬೊಶಿ ಅಂದರೆ ಉಪ್ಪಿನಲ್ಲಿ ಹಾಕಿ ಬಿಸಿಲಿಗೆ ಒಣಗಿಸಿದ ಉಮೆ ಎಂಬ ಹುಳಿ ಹಣ್ಣು. ಅಮ್ಮ ಚೂರು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಹಳೇ ಲಿಂಬೆಕಾಯಿ ಉಪ್ಪಿನಕಾಯಿ ಕಣೇ ಇದು. ಖಾರ ಹಾಕಕ್ಕೆ ಮರ್ತಿದಾರೆ ಅಷ್ಟೇ."

ಅಲ್ಲಿಂದ ನಾರಾ. ಅಲ್ಲಿ ಬೆಳಗಿನ ತಿಂಡಿಗೆ ಚಗಾಯು ಅಂತ ಹಳೆಯ ಕಾಲದ್ದೊಂದು ಇದೆ. ಬಟ್ಟಲು ಮುಂದೆ ಬಂದಾಗ ಅಮ್ಮ ಬಗ್ಗಿ ನೋಡಿದರು. "ಎಂತದೇ ಇದು? ಗಂಜಿಗೆ ಟೀ ಹಾಕಿದಾರಲ್ಲೇ!" ಹೌದು, ಹುರಿದ ಟೀ ಎಲೆಯ ನೀರಿನಲ್ಲಿ ಬೇಯಿಸಿದ ಗಂಜಿ. ನನಗೆ ಅಷ್ಟೇನೂ ಹಿಡಿಸಲಿಲ್ಲ. ಅಮ್ಮ ಎರಡನೇ ಬಟ್ಟಲು ಕೇಳಿದರು.

ಟೀ ಹಾಕದ ಬಿಳಿ ಗಂಜಿಗೆ ಒಕಾಯು ಅನ್ನುತ್ತಾರೆ. ಅದು ರೆಡಿ ಪೌಚಿನಲ್ಲೂ ಬರುತ್ತದೆ ಅಂತ ಗೊತ್ತಾದದ್ದು ಪ್ರವಾಸದ ಎಂಟನೇ ದಿನ, ಕ್ಯೋಟೊದ ಸೂಪರ್‌ಮಾರ್ಕೆಟ್ಟಿನಲ್ಲಿ. ಅಕ್ಕಿ, ನೀರು, ಬೇರೇನೂ ಇಲ್ಲ. ಮೊದಲೇ ಗೊತ್ತಿದ್ದರೆ ಅರ್ಧ ಸೂಟ್‌ಕೇಸ್ ಖಾಲಿ ಒಯ್ಯಬಹುದಿತ್ತು! ಬಟ್ಟಲಿಗೆ ಸುರಿದು, ಬಿಸಿ ಮಾಡಿ, ಉಪ್ಪು, ಒಂದು ಚಮಚ ತುಪ್ಪ, ಪಕ್ಕಕ್ಕೆ ಉಮೆಬೊಶಿ. ಉಮೆಬೊಶಿಯಲ್ಲೂ ಕತ್ಸುವೊ ಹಾಕಿದ್ದು ಇದೆ, ಈ ಸಲ ನೋಡಿಯೇ ತಂದೆ.

ಜಪಾನಿನಲ್ಲಿ ಒಕಾಯು ಸಾಮಾನ್ಯವಾಗಿ ಮೈ ಹುಷಾರಿಲ್ಲದವರ ಊಟ. ಇದು ನನಗೆ ಗೊತ್ತಿರಲಿಲ್ಲ. ಬೆಳಗ್ಗೆ ಮೈಕ್ರೊವೇವ್ ಮುಂದೆ ಗಂಜಿ ಬಟ್ಟಲು ಹಿಡಿದು ನಿಂತ ಅಮ್ಮನನ್ನು ನೋಡಿ ರಿಸೆಪ್ಷನ್ನಿನ ಹುಡುಗಿ ಓಡಿ ಬಂದು "ದಾಯ್‌ಜೋಬು?" ಅಂತ ಕೇಳಿದಳು. ಆರಾಮಿದೀರಾ ಅಂತ ಅರ್ಥ. ಅಮ್ಮ ಅದನ್ನು 'ತಿಂಡಿ ಆಯ್ತಾ' ಅಂತ ತಿಳಿದರು. ಉಳಿದ ನಾಲ್ಕು ದಿನವೂ ಆ ಹುಡುಗಿ ಕಾಳಜಿಯಿಂದ ಕೇಳುತ್ತಿದ್ದಳು. ಅಮ್ಮ ನಗುತ್ತಾ ಬಟ್ಟಲು ಎತ್ತಿ ತೋರಿಸಿ, "ಈಗ ಆಗ್ಬೇಕಷ್ಟೇ ಕಣಮ್ಮ, ನಿಂದು ಆಯ್ತಾ?" ಅನ್ನುತ್ತಿದ್ದರು.