ಎಡಗಡೆ ಸ್ಪೀಕರ್ ಸುಮ್ಮನಾದಾಗ

ನಮ್ಮ ಮನೆಯ ಹಳೇ ಸ್ಟೀರಿಯೋ ರಿಸೀವರ್‌ನಲ್ಲಿ ಎಡಗಡೆ ಚಾನೆಲ್ ಕೈಕೊಡಲು ಶುರುಮಾಡಿತು. ಆನ್ ಮಾಡಿದಾಗ ದನಿ ತೀರಾ ಸಣ್ಣ, ಒಡೆದ ಹಾಗೆ. ವಾಲ್ಯೂಮ್ ಜೋರು ಮಾಡಿದರೆ ಪಟ್ ಅಂತ ಸರಿಹೋಗುತ್ತಿತ್ತು. ಮತ್ತೆ ಕಡಿಮೆ ಮಾಡಿಕೊಂಡು ಅರ್ಧ ಗಂಟೆ ಕೇಳುವಷ್ಟರಲ್ಲಿ ಮೆಲ್ಲಗೆ ಮಾಯ. ಉತ್ತರ ಈ ಲಕ್ಷಣದಲ್ಲೇ ಇತ್ತು. ಅದು ನನಗೆ ಹೊಳೆಯಲು ಎರಡು ವಾರ ಹಿಡಿಯಿತು.

ಮುಚ್ಚಳ ತೆಗೆಯುವ ಮೊದಲು ಅದಲು ಬದಲು ಮಾಡಿ ನೋಡಿದೆ. ಆಫ್ ಮಾಡಿ, ರಿಸೀವರ್ ಹಿಂದಿನ ಸ್ಪೀಕರ್ ತಂತಿಗಳನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದೆ. ಈಗ ಬಲಗಡೆಯ ಸ್ಪೀಕರ್ ಸುಮ್ಮನಾಯಿತು. ಅಂದರೆ ಸ್ಪೀಕರೂ ತಂತಿಯೂ ಸರಿಯಿವೆ. ಪ್ಲೇಯರ್‌ನಿಂದ ರಿಸೀವರ್‌ಗೆ ದನಿ ತರುವ ಆರ್‌ಸಿಎ ಕೇಬಲ್ ಬದಲಿಸಿದರೂ ತೊಂದರೆ ಜಾಗ ಬಿಡಲಿಲ್ಲ. ಎಫ್‌ಎಂ ಹಾಕಿದರೂ ಅದೇ ಕಥೆ. ಕೊನೆಗೆ ಹೆಡ್‌ಫೋನ್ ಚುಚ್ಚಿದೆ. ಎರಡೂ ಕಿವಿಗೆ ಒಂದೇ ಸಮ!

ನನ್ನ ರಿಸೀವರ್‌ನಲ್ಲಿ ಹೆಡ್‌ಫೋನ್‌ಗೆ ದನಿ ಹೋಗುವುದು ದನಿಗೆ ಬಲ ಕೊಡುವ ಪವರ್ ಆಂಪ್ಲಿಫೈಯರ್ ದಾಟಿದ ಮೇಲೆ, ಸ್ಪೀಕರ್ ರಿಲೇಗೆ (ಸ್ಪೀಕರ್‌ಗೆ ದನಿ ಬಿಡುವ, ತಡೆಯುವ ತಾನೇ ತಾನಾದ ಸ್ವಿಚ್) ಮೊದಲು. ಎಲ್ಲದರಲ್ಲೂ ಹೀಗಿರಲ್ಲ, ಸರ್ಕ್ಯೂಟ್ ಚಿತ್ರ ನೋಡಿಕೊಳ್ಳಬೇಕು. ಹಾಗಾಗಿ ಉಳಿದದ್ದು ಎರಡೇ: ಎ–ಬಿ ಸ್ಪೀಕರ್ ಆರಿಸುವ ಸ್ವಿಚ್, ಇಲ್ಲವೇ ರಿಲೇ. ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಸ್ವಿಚ್ಚಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಇಪ್ಪತ್ತು ಮೂವತ್ತು ಸಲ ಒತ್ತಿದೆ. ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಮತ್ತೆ ಅದೇ ಹಾಡು.

ರಿಲೇ ಅಂದರೆ ಆನ್ ಮಾಡಿದ ಕೆಲವು ಸೆಕೆಂಡಿಗೆ 'ಟಕ್' ಅನ್ನುತ್ತದಲ್ಲ, ಅದೇ. ಅದರೊಳಗೆ ಪ್ರತಿ ಚಾನೆಲ್‌ಗೂ ಒಂದೊಂದು ಜೊತೆ ಲೋಹದ ತುದಿಗಳಿರುತ್ತವೆ. ವರ್ಷಗಟ್ಟಲೆ ಬಳಸಿದ ಮೇಲೆ ಅವುಗಳ ಮೇಲೆ ಕಪ್ಪು ಪದರ ಕೂರುತ್ತದೆ. ಸಣ್ಣ ಸಿಗ್ನಲ್ ಅದನ್ನು ದಾಟಲಾರದು, ಜೋರಾದ ಸಿಗ್ನಲ್ ಭೇದಿಸಿಕೊಂಡು ಹೋಗುತ್ತದೆ. ವಾಲ್ಯೂಮ್ ಹೆಚ್ಚಿಸಿದಾಗ ದನಿ ಮರಳುತ್ತಿದ್ದದ್ದು ಇದಕ್ಕೇ.

ಖಚಿತ ಮಾಡಿಕೊಳ್ಳಲು ಫೋನ್‌ನಿಂದ 200 ಹರ್ಟ್ಸ್ ಟೋನ್ ಕೊಟ್ಟು, ಮಲ್ಟಿಮೀಟರ್ ಎಸಿ ವೋಲ್ಟ್‌ಗೆ ಇಟ್ಟು, ರಿಲೇಯ ಒಳಬದಿ ಹೊರಬದಿ ಎರಡನ್ನೂ ಅಳೆದೆ. ಎರಡೂ ಕಡೆ 0.5 ವೋಲ್ಟ್! ತಲೆ ಕೆಟ್ಟಿತು. ಆಮೇಲೆ ಗೊತ್ತಾಯಿತು, ಸ್ಪೀಕರ್ ಜೋಡಿಸಿರಲಿಲ್ಲ. ಮೀಟರ್ ಎಳೆಯುವ ಕರೆಂಟು ತೀರಾ ಕಮ್ಮಿ, ಅದಕ್ಕೆ ಕೆಟ್ಟ ತುದಿಯೂ ಒಳ್ಳೆಯ ತುದಿಯ ಹಾಗೇ ಕಾಣುತ್ತದೆ. 8 ಓಮ್ ಸ್ಪೀಕರ್ ಹಾಕಿದ ಮೇಲೆ ನಿಜ ಬಯಲಾಯಿತು. ಎಡ ಚಾನೆಲ್‌ನ ಒಳಬದಿ 0.5, ಹೊರಬದಿ 0.1. ಬಲದಲ್ಲಿ ಎರಡೂ 0.5. ಲೆಕ್ಕ ಹಾಕಿದರೆ ಎಡ ತುದಿಗಳ ನಡುವೆ ಸುಮಾರು 32 ಓಮ್! ಒಂದು ಓಮ್‌ನ ಸಣ್ಣ ಪಾಲೂ ಇರಬಾರದ ಜಾಗ ಅದು.

ಹೀಗೆ ಅಳೆಯುವಾಗ ಕೈ ಜಾರಿ ಎರಡು ಪಿನ್ ತಾಗಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು. ಅದಕ್ಕೇ ಪ್ರತಿ ಸಲ ಆಫ್ ಮಾಡಿ, ಕೊಕ್ಕೆ ಕ್ಲಿಪ್ ಸಿಕ್ಕಿಸಿ, ಕೈ ತೆಗೆದು ಆನ್ ಮಾಡುತ್ತಿದ್ದೆ.

ಬೆಸುಗೆಗೆ ಮೊದಲು ಪ್ಲಗ್ ಕಿತ್ತು ಕರೆಂಟು ತುಂಬಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್‌ಗಳನ್ನು ಅಳೆದರೆ ಒಂದು ನಿಮಿಷವಾದರೂ 30 ವೋಲ್ಟ್ ಉಳಿದಿತ್ತು. 1 ಕಿಲೋಓಮ್, 5 ವಾಟ್‌ನ ರೆಸಿಸ್ಟರ್ ತಾಗಿಸಿ ಖಾಲಿ ಮಾಡಿದೆ. ಸ್ಕ್ರೂಡ್ರೈವರ್ ಅಡ್ಡ ಇಡುವವರಿದ್ದಾರೆ. ದಯವಿಟ್ಟು ಬೇಡ.

ತುದಿಗಳನ್ನು ಮರಳುಕಾಗದದಿಂದ ಉಜ್ಜುವ ಆಸೆಯಾಯಿತು, ಆದರೆ ಮೇಲಿನ ಲೇಪ ಕಿತ್ತುಹೋದರೆ ಬೇಗ ಮತ್ತೆ ಹಾಳಾಗುತ್ತವೆ. ಹೊಸ ರಿಲೇಯನ್ನೇ ಹಾಕಿದೆ. ತುದಿಗಳನ್ನು ಸೇರಿಸುವ ಕಾಯಿಲ್ 24 ವೋಲ್ಟ್, ಎರಡು ಜೊತೆ ತುದಿ, ಪಿನ್‌ಗಳ ಜಾಗ, ತಾಳುವ ಕರೆಂಟು ಎಲ್ಲ ಹಳೆಯದರಂತೆಯೇ ಇರುವುದನ್ನು ಹುಡುಕಿದೆ. ಹಳೇ ಬೆಸುಗೆಯನ್ನು ತಾಮ್ರದ ಬತ್ತಿಯಿಂದ ನಿಧಾನವಾಗಿ ಹೀರಿಸಿದೆ. ಎಳೆದಾಡಿದರೆ ಬೋರ್ಡಿನ ಪಟ್ಟಿಯೇ ಎದ್ದುಬರುತ್ತದೆ.

ಸ್ಪೀಕರ್ ಹಾಕದೆ ಆನ್ ಮಾಡಿ, ಸ್ಪೀಕರ್ ತಂತಿ ಸಿಕ್ಕಿಸುವ ಜಾಗದಲ್ಲಿ ಡಿಸಿ ವೋಲ್ಟ್ ನೋಡಿದೆ; ಅದು ಹೆಚ್ಚಿದ್ದರೆ ಸ್ಪೀಕರ್‌ಗೆ ಅಪಾಯ. ಎಡ 18 ಮಿಲಿವೋಲ್ಟ್, ಬಲ 11. 50ರ ಒಳಗಿದೆ, ಭಯವಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಎರಡೂ ಕಡೆಗೆ ಒಂದೇ ದನಿ ಕೊಡುವ ಮೋನೋ ಬಟನ್ ಒತ್ತಿ, ವಾಲ್ಯೂಮ್ ಕೇಳಿಯೂ ಕೇಳದಷ್ಟು ಇಟ್ಟು ಕೂತೆ. ದನಿ ಎರಡೂ ಸ್ಪೀಕರ್‌ಗಳ ನಟ್ಟನಡುವಿನಿಂದ ಬರುತ್ತಿತ್ತು. ಒಂದು ಗಂಟೆ ಕಳೆದರೂ ಅಲ್ಲೇ ಇತ್ತು.