ಪ್ರಶಸ್ತಿಯ ಪಟ್ಟಿ ಹಿಡಿದು ಓದತೊಡಗಿದವನ ಅನುಭವ

ಇಪ್ಪತ್ತು ವರ್ಷಗಳ ಹಿಂದೆ ಧಾರವಾಡದಲ್ಲಿ ಕಾದಂಬರಿಗಳನ್ನು ಕ್ರಮವಾಗಿ ಓದಬೇಕೆಂಬ ಹಂಬಲ ಹುಟ್ಟಿದಾಗ, ಇಂಥದ್ದನ್ನು ಓದು ಎಂದು ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕನ್ನಡ ಕೃತಿಗಳ ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಒಂದೊಂದನ್ನೇ ತಂದು ಓದುತ್ತ ಹೋದೆ.

ಅದರಲ್ಲಿ ಶಂಕರ ಮೊಕಾಶಿ ಪುಣೇಕರರ ‘ಅವಧೇಶ್ವರಿ’ ಇತ್ತು. 1988ರ ಪ್ರಶಸ್ತಿ ಅದಕ್ಕೆ ಸಂದಿದೆ. ವೇದಕಾಲದ ರಾಜಕಾರಣವನ್ನು ಹೇಳುವ ಆ ಕಾದಂಬರಿಯನ್ನು ಗೌರವದಿಂದ ಓದಿದೆನಾದರೂ ಮನಸ್ಸು ಅದರೊಳಗೆ ಇಳಿಯಲಿಲ್ಲ. ಕೆಲವು ದಿನಗಳ ನಂತರ ಸುಭಾಷ ರಸ್ತೆಯ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನದ ಅಟ್ಟ ಹತ್ತಿದವನು, ಪುಣೇಕರರದೇ 1956ರ ‘ಗಂಗವ್ವ ಗಂಗಾಮಾಯಿ’ಯ ಬಗ್ಗೆ ಅಲ್ಲಿ ಕೇಳಿ, ಹುಡುಕಿ ತಂದು ಎರಡೇ ರಾತ್ರಿಗಳಲ್ಲಿ ಮುಗಿಸಿದೆ. ನಮ್ಮ ಓಣಿಯ ಹಿರಿಯರು ಆಡುವ ಮಾತೇ ಪುಟಪುಟದಲ್ಲಿ ಕೇಳಿಸುತ್ತಿದ್ದ ಆ ಪುಸ್ತಕ ನನ್ನ ಪಟ್ಟಿಯಲ್ಲಿ ಏಕಿಲ್ಲ ಎಂಬ ಪ್ರಶ್ನೆ ಬಹಳ ಕಾಡಿತು.

ಉತ್ತರ ಹುಡುಕುತ್ತ ಪ್ರಶಸ್ತಿಯ ರೀತಿ ಅರ್ಥವಾಯಿತು. ಒಂದು ಭಾಷೆಗೆ ವರ್ಷಕ್ಕೆ ಒಂದೇ ಪ್ರಶಸ್ತಿ. ಕಾದಂಬರಿ, ಕವಿತೆ, ವಿಮರ್ಶೆ ಎಲ್ಲವೂ ಅದೊಂದಕ್ಕೇ ಪೈಪೋಟಿ ನಡೆಸಬೇಕು. 1958ರಲ್ಲಿ ಅದು ಬೇಂದ್ರೆಯವರ ‘ಅರಳು ಮರಳು’ ಕವನಗಳಿಗೆ, 1959ರಲ್ಲಿ ಕಾರಂತರ ಯಕ್ಷಗಾನದ ಅಧ್ಯಯನಕ್ಕೆ ಹೋಯಿತು. ಈಗಿನ ನಿಯಮದಂತೆ ಐದು ವರ್ಷಗಳ ಅವಧಿಯಲ್ಲಿ ಮೊದಲ ಸಲ ಪ್ರಕಟವಾದ ಪುಸ್ತಕಗಳನ್ನಷ್ಟೇ ಮೂವರು ತೀರ್ಪುಗಾರರು ಪರಿಶೀಲಿಸುತ್ತಾರೆ. ಅವಧಿ ದಾಟಿದ ಕೃತಿ ಎಷ್ಟೇ ದೊಡ್ಡದಾದರೂ ಮರಳಿ ಕಣಕ್ಕೆ ಬರುವುದಿಲ್ಲ.

ಅಂದಿನಿಂದ ಪ್ರಶಸ್ತಿ ಪಡೆದ ಪ್ರತಿ ಪುಸ್ತಕದ ಜೊತೆಗೆ ಅದೇ ಲೇಖಕರ ಪ್ರಶಸ್ತಿಯಿಲ್ಲದ ಇನ್ನೊಂದನ್ನು ಓದುತ್ತೇನೆ. ಮುನ್ನುಡಿಯನ್ನು ಕೊನೆಗೆ ಉಳಿಸಿಕೊಂಡು, ಮೊದಲು ನನ್ನ ಅನಿಸಿಕೆಯನ್ನು ತಾರೀಖಿನೊಡನೆ ಬರೆದಿಡುತ್ತೇನೆ. ನನ್ನ ರುಚಿ ನಿಜವಾಗಿ ಬೆಳೆದದ್ದು ಈ ಬರವಣಿಗೆಯಿಂದಲೇ.

ಹಾಗೆಂದು ಪ್ರಶಸ್ತಿಯನ್ನು ನಾನು ಹಗುರವಾಗಿ ಕಾಣಲಾರೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ, ಐವತ್ತು ಸಾವಿರ ಪೌಂಡ್‌ಗಳನ್ನು ಲೇಖಕಿಯೂ ಅನುವಾದಕಿ ದೀಪಾ ಭಾಸ್ತಿಯವರೂ ಸಮನಾಗಿ ಹಂಚಿಕೊಂಡದ್ದು ನನಗೆ ಬಹಳ ಹಿಡಿಸಿತು. ಕನ್ನಡ ಕಥೆಯನ್ನು ಎಂದೂ ಕೇಳದಿದ್ದ ನೆರೆಮನೆಯ ಅಕ್ಕನವರು ಆ ವಾರವೇ ಬಂದು, ‘ಅವರ ಪುಸ್ತಕ ಇದ್ರ ಕೊಡ್ರಿ’ ಎಂದರು.

ಹತ್ತು ವರ್ಷಗಳ ನಂತರ ‘ಅವಧೇಶ್ವರಿ’ಯನ್ನು ಮತ್ತೆ ತೆರೆದೆ. ಮೊದಲ ಓದಿನಲ್ಲಿ ‘ಒಣ ಪಾಂಡಿತ್ಯ’ ಎಂದು ಬರೆದಿದ್ದ ಸಾಲನ್ನು ಹೊಡೆದುಹಾಕದೆ, ಅದರ ಕೆಳಗೆ ಹೊಸ ತಾರೀಖು ಹಾಕಿ, ಈ ಸಲ ಮೂರು ಪುಟ ಬರೆದೆ.